ತಕ್ಕದ್ದು, ತಕ್ಕದ್ದಲ್ಲ

ಕಹಳೆ ಒಮ್ಮೆ ಮೈಕಿನಲ್ಲಿ ಕೂಗಿದ ರಭಸಕ್ಕೆ, ನಿಲ್ದಾಣ ಬಿಟ್ಟು ನಲವತ್ತು ಮೈಲಿ ಹೋಗಿದ್ದ ಬಸ್ಸೊಂದು ತಾನಾಗಿಯೇ ಹಿಂದಿರುಗಿ ಬಂದು ಮೂರನೇ ಪ್ಲಾಟ್‌ಫಾರ್ಮಿನಲ್ಲಿ ನಿಂತಿತ್ತು. ಚಾಲಕ ಆ ಹೊತ್ತಿಗೆ ದಾರಿಯ ಹೋಟೆಲಿನಲ್ಲಿ ಟೀ ಕುಡಿಯುತ್ತಿದ್ದ. ಅವನನ್ನು ಹತ್ತಿಸಿಕೊಂಡು ಬರುವಷ್ಟು ಪುರಸೊತ್ತು ಬಸ್ಸಿಗಿರಲಿಲ್ಲ. ನಂಬದವರು ಹೋಗಿ ವಿಚಾರಿಸಬಹುದು. ವಿಚಾರಿಸಿದವರಿಗೆಲ್ಲ ನಿಜವೆಂದೇ ಉತ್ತರ ಸಿಕ್ಕಿದೆ, ಏಕೆಂದರೆ ಆ ನಿಲ್ದಾಣದಲ್ಲಿ ವಿಚಾರಣೆಯ ಕಿಟಕಿಯಲ್ಲಿ ಕೂರುವವನೂ ಕಹಳೆಯೇ.

ಕಹಳೆ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ, ಗಂಟಲು ಗಳಿಸಿಕೊಟ್ಟ ಹೆಸರು. ನಿಲ್ದಾಣದ ಮಹಡಿಯ ಗಾಜಿನ ಕೋಣೆಯಲ್ಲಿ ಕೂತು ಬಸ್ಸುಗಳು ಹೊರಡುವ, ಬರುವ ಹೊತ್ತನ್ನು ಓದಿ ಹೇಳುವುದು ಅವನ ಇಪ್ಪತ್ತೆರಡು ವರ್ಷದ ಕೆಲಸ. ಮೈಕು ಇರುವುದು ಧ್ವನಿಯನ್ನು ಹೆಚ್ಚಿಸುವುದಕ್ಕಲ್ಲ, ಕೊಂಚ ತಗ್ಗಿಸುವುದಕ್ಕೆ. ಅದಿಲ್ಲದಿದ್ದರೆ ಪ್ರಯಾಣಿಕರ ಕೈಯ ಟೀ ಲೋಟಗಳು ಒಡೆಯುತ್ತಿದ್ದವು ಎಂದು ಅವನೇ ಎಷ್ಟೋ ಸಲ ವಿವರಿಸಿದ್ದಾನೆ.

ಮನೆಯಲ್ಲಿ ಬಾಯೆಲ್ಲ ಅಣ್ಣನ ಪಾಲಿಗೆ ಬಂದದ್ದರಿಂದ ತಂಗಿಯ ಪಾಲಿಗೆ ಕಣ್ಣು ಉಳಿಯಿತು. ಅವಳು ಮುದ್ರಣಾಲಯವೊಂದರಲ್ಲಿ ಕರಡು ತಿದ್ದುವವಳು. ಔಷಧಿ ಡಬ್ಬಿಯೊಳಗೆ ಎಂಟು ಮಡಿಕೆ ಮಾಡಿ ಇಡುತ್ತಾರಲ್ಲ, ಇರುವೆಯ ಕಾಲಿನಷ್ಟು ಸಣ್ಣ ಅಕ್ಷರದ ಚೀಟಿ, ಅದು ಅಚ್ಚಿಗೆ ಹೋಗುವ ಮುಂಚೆ ಅವಳ ಕೆಂಪು ಪೆನ್ಸಿಲ್ಲಿನ ಕೆಳಗೆ ಹಾದುಹೋಗಬೇಕು. ಒಮ್ಮೆ ‘ಎರಡು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು’ ಎಂಬುದು ‘ಕೊಡಬಹುದು’ ಎಂದಾಗಿ ಬಂದಿತ್ತು. ಅಚ್ಚಿನ ಯಂತ್ರ ಆಗಲೇ ಓಡುತ್ತಿತ್ತು. ತಂಗಿ ಯಾರನ್ನೂ ಕೇಳದೆ ಹೋಗಿ ಯಂತ್ರ ನಿಲ್ಲಿಸಿದಳು. ಅಣ್ಣನ ಮಾತಿನಲ್ಲಿ ಹೇಳುವುದಾದರೆ ಅವಳು ಬರಿಗೈಯಲ್ಲಿ ಹಿಡಿದು ನಿಲ್ಲಿಸಿದಳು, ಯಂತ್ರ ಇವತ್ತಿಗೂ ಅವಳನ್ನು ಕಂಡರೆ ನಡುಗುತ್ತದೆ.

ಅಂಥ ತಂಗಿ ತಾನು ಓದದೆ ಸಹಿ ಹಾಕಿದ್ದು ಬದುಕಿನಲ್ಲಿ ಎರಡೇ ಕಾಗದಕ್ಕೆ. ಒಂದು ಮದುವೆಯದು, ಇನ್ನೊಂದು ಅದರಿಂದ ಬಿಡಿಸಿಕೊಂಡದ್ದು.

ಬಿಡಿಸಿಕೊಂಡ ಗಂಡ ವಿಮೆ ಏಜೆಂಟ. ಸದಾ ನಗುಮುಖ. ಪಾಲಿಸಿ ಮಾರುವಾಗಲೂ ನಗು, ಪಾಲಿಸಿಯ ಹಣ ಬರುವುದಿಲ್ಲ ಎಂದು ಹೇಳುವಾಗಲೂ ಅದೇ ನಗು, ಕಾಣುವ ಹಲ್ಲು ಕೂಡ ಅಷ್ಟೇ. ಮದುವೆ ಮುರಿದ ಮೇಲೆ ಅವನನ್ನು ಭಾವ ಎನ್ನುವ ಹಾಗಿಲ್ಲ, ಹತ್ತು ವರ್ಷದ ರೂಢಿ ಬಿಡುವ ಹಾಗೂ ಇಲ್ಲ. ಕಹಳೆ ಒಂದೇ ಒಂದು ಅಕ್ಷರ ಮೊದಲಿಗೆ ಸೇರಿಸಿ ಸಮಸ್ಯೆ ಬಗೆಹರಿಸಿದ: ಅಭಾವ. ಇಬ್ಬರಿಗೂ ಸೇರಿದ ಎಂಟು ವರ್ಷದ ಮಗಳಿಗೆ ಮನೆಯವರೆಲ್ಲ ಗುಂಡುಸೂಜಿ ಎನ್ನುತ್ತಿದ್ದರು. ಸಣ್ಣ ತಲೆ, ತೆಳ್ಳಗಿನ ಮೈ, ಮಾತು ಮಾತ್ರ ನೇರ ಚುಚ್ಚುವಂಥದ್ದು.

ಒಪ್ಪಂದಕ್ಕೆ ಸಹಿಯಾದ ದಿನದ ವೃತ್ತಾಂತ ಹೀಗೆ. ಕೌಟುಂಬಿಕ ನ್ಯಾಯಾಲಯದ ಟೈಪಿಸ್ಟಮ್ಮ ಹತ್ತು ಕಲಮುಗಳ ಒಪ್ಪಂದಪತ್ರವನ್ನು ಬೆರಳಚ್ಚಿಸಿ ತಂದು ಮೇಜಿನ ಮೇಲಿಟ್ಟರು. ಊಟದ ಬಿಡುವಿಗೆ ಹತ್ತು ನಿಮಿಷವಿತ್ತು. ಆ ಹೊತ್ತಿಗೆ ಗುಂಡುಸೂಜಿ ಪಕ್ಕದ ಕೋಣೆಯಲ್ಲಿ ಸಮಾಲೋಚಕಿಯ ಮುಂದೆ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು, ತಂಗಿ ಅವಳನ್ನು ಮಡಿಲಿಗೆ ಎಳೆದುಕೊಂಡು ಕೂತಿದ್ದಳು. ಕಾಗದವನ್ನು ಎರಡೂ ಕಡೆಯವರಿಗೆ ಗಟ್ಟಿಯಾಗಿ ಓದಿ ಹೇಳುವ ಹೊಣೆ ಸಾಕ್ಷಿಯದು. ಸಾಕ್ಷಿ ಯಾರು, ಕಹಳೆ. ಅವನು ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ಹತ್ತೂ ಕಲಮುಗಳನ್ನು ಮೊದಲಿನಿಂದ ಕೊನೆಯವರೆಗೆ ಓದಿದ. ಒಂದಲ್ಲ, ಮೂರು ಸಲ. ಮೊದಲನೇ ಓದಿಗೆ ಅಂಗಳದ ಪಾರಿವಾಳಗಳೆಲ್ಲ ಹಾರಿಹೋದವು. ಎರಡನೇ ಓದಿಗೆ ಮೇಲಿನ ಮಹಡಿಯ ನ್ಯಾಯಾಲಯದಲ್ಲಿ ಇಬ್ಬರು ಕಳ್ಳರು ಯಾರೂ ಕೇಳದೆ ತಪ್ಪೊಪ್ಪಿಕೊಂಡರು. ಮೂರನೇ ಓದು ಮುಗಿಯುವಾಗ ದಾರಿಯಲ್ಲಿ ಹೋಗುತ್ತಿದ್ದ ಗಂಡ ಹೆಂಡತಿ ಒಳಗೆ ಬಂದು, ಇಷ್ಟು ಚೆನ್ನಾಗಿ ಬಿಡಿಸುವುದಾದರೆ ನಮ್ಮನ್ನೂ ಬಿಡಿಸಿ ಎಂದು ಕೈಮುಗಿದರು.

ಆಮೇಲೆ ಕಹಳೆ ಕಾಗದ ಹಿಡಿದು ಪಕ್ಕದ ಕೋಣೆಗೆ ಹೋದ.

“ಓದಿದ್ಯಾ ಅಣ್ಣಾ?” ಎಂದಳು ತಂಗಿ. ಮಗಳ ಮೂಗು ಒರೆಸುತ್ತಿದ್ದಳು, ಒಂದು ಕೈ ಮಾತ್ರ ಬಿಡುವಾಗಿತ್ತು.

“ಒಂದು ಸಲ ಅಲ್ಲ, ಮೂರು ಸಲ. ಹಾಕು.”

ತಂಗಿ ಹಾಕಿದಳು. ಕೆಳಗೆ ‘ಮೇಲಿನದೆಲ್ಲವನ್ನೂ ನಮ್ಮ ಸಮಕ್ಷಮ ಓದಿ ಹೇಳಲಾಗಿದ್ದು, ತಿಳಿದು ಒಪ್ಪಿರುತ್ತೇವೆ’ ಎಂದಿತ್ತು. ಅದರ ಕೆಳಗೆ ಅಭಾವನ ಸಹಿ, ತಂಗಿಯ ಸಹಿ, ಸಾಕ್ಷಿಯ ಉದ್ದನೆಯ ಸಹಿ. ಮುದ್ರೆ ಬಿತ್ತು. ಎಲ್ಲರೂ ಊಟಕ್ಕೆ ಹೋದರು.

ನಾಲ್ಕು ತಿಂಗಳು ತಕರಾರಿಲ್ಲದೆ ಕಳೆಯಿತು. ಶಾಲೆಗೆ ರಜೆ ಬಂತು. ಒಪ್ಪಂದದ ಪ್ರಕಾರ ರಜೆಗೆ ಅಪ್ಪನ ಊರು. ಗುಂಡುಸೂಜಿ ಬೆನ್ನಿಗೆ ಚೀಲ ಹಾಕಿಕೊಂಡು, ಕಿಟಕಿ ಪಕ್ಕದ ಸೀಟಿಗೆ ಮಾವನ ಶಿಫಾರಸು ಪಡೆದುಕೊಂಡು, ಅಪ್ಪನ ಜೊತೆ ಆರು ಗಂಟೆ ದೂರದ ಊರಿಗೆ ಹೋದಳು. ರಜೆಯ ಕೊನೆಯ ಭಾನುವಾರ ಅವಳನ್ನು ನಾಲ್ಕು ಗಂಟೆಯ ಬಸ್ಸಿಗೆ ಹತ್ತಿಸಿ ಕಳಿಸುವುದೆಂದು ಮಾತಾಗಿತ್ತು.

ಆ ಬಸ್ಸು ಬಂದಾಗ ಕಹಳೆ ಅದನ್ನು ಘೋಷಿಸಿದ ವೈಭವಕ್ಕೆ ನಿಲ್ದಾಣದಲ್ಲಿ ಮಲಗಿದ್ದವರು ಎದ್ದು ಕೂತರು. ಗಾಜಿನೊಳಗಿಂದ ಬಗ್ಗಿ ನೋಡಿದ. ಸೂಟ್‌ಕೇಸು ಇಳಿಯಿತು, ಮುದುಕರು ಇಳಿದರು, ಕಂಕುಳಲ್ಲಿ ಹಾಸಿಗೆ ಸುರುಳಿ ಇಟ್ಟುಕೊಂಡವನು ಇಳಿದ. ನಿರ್ವಾಹಕ ಇಳಿದ. ಕೊನೆಗೆ ಕಸ ಗುಡಿಸುವವಳು ಪೊರಕೆ ಹಿಡಿದು ಹತ್ತಿದಳು. ಗುಂಡುಸೂಜಿ ಇಳಿಯಲಿಲ್ಲ.

ಕಹಳೆ ಅಲ್ಲಿಂದಲೇ ಫೋನು ಹಚ್ಚಿದ. “ಬಸ್ಸು ತಪ್ಪಿಹೋಯ್ತಾ?”

“ಇಲ್ಲ ಭಾವ, ಬಸ್ಸು ಸಮಯಕ್ಕೆ ಸರಿಯಾಗಿ ಹೋಯ್ತು,” ಎಂದ ಅಭಾವ. ನಗು ಫೋನಿನಲ್ಲೂ ಕೇಳಿಸುತ್ತಿತ್ತು.

“ಮತ್ತೆ ಮಗು?”

“ಮಗು ಇಲ್ಲೇ ಇರುತ್ತೆ. ಏಳನೇ ಕಲಮು ನೋಡಿ. ನಾನ್ಯಾಕೆ ಹೇಳ್ಬೇಕು, ನೀವೇ ಮೂರು ಸಲ ಓದಿದ್ರಂತಲ್ಲ.”

ಕಹಳೆ ಮನೆಗೆ ಹೋಗುವಷ್ಟರಲ್ಲಿ ತಂಗಿ ಹೊಸ ನೋಟುಬುಕ್ಕುಗಳಿಗೆಲ್ಲ ಹೊದಿಕೆ ಹಾಕಿ, ಹೆಸರಿನ ಚೀಟಿ ಅಂಟಿಸಿ, ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದಳು. ಅವನ ಹಿಂದೆ ಬಾಗಿಲಲ್ಲಿ ಯಾರೂ ಇಲ್ಲದ್ದನ್ನು ನೋಡಿ ಅವಳು ಮೊದಲು ಕೇಳಿದ್ದು, “ವಾಂತಿ ಮಾಡ್ಕೊಂಡ್ಳಾ, ಕೆಳಗೆ ಕೂತಿದಾಳಾ?”

ಅವನು ಏಳನೇ ಕಲಮು ಎಂದ.

ತಂಗಿ ಕಪಾಟಿನಿಂದ ಕಾಗದ ತೆಗೆದಳು. ಕರಡು ತಿದ್ದುವವರು ನಾವು ನೀವು ಓದುವ ಹಾಗೆ ಓದುವುದಿಲ್ಲ. ಅಕ್ಷರ ಅಕ್ಷರಕ್ಕೂ ಪೆನ್ಸಿಲಿನ ತುದಿ ಮುಟ್ಟಿಸಿಕೊಂಡು ಹೋಗುತ್ತಾರೆ. ಮೂರನೇ ಕಲಮು: ಮಗುವು ತಾಯಿಯ ಬಳಿ ವಾಸವಾಗಿರತಕ್ಕದ್ದು. ನಾಲ್ಕು: ತಂದೆಯು ಪ್ರತಿ ತಿಂಗಳು ಮಗುವಿನ ಜೀವನಾಂಶ ಕೊಡತಕ್ಕದ್ದು. ಐದು, ಆರು, ಎಲ್ಲವೂ ತಕ್ಕದ್ದು, ತಕ್ಕದ್ದು. ಏಳಕ್ಕೆ ಬಂದು ಪೆನ್ಸಿಲು ನಿಂತಿತು. ‘ಶಾಲೆಯ ರಜೆ ಮುಗಿದ ನಂತರ ತಂದೆಯು ಮಗುವನ್ನು ತನ್ನ ಬಳಿ ಉಳಿಸಿಕೊಳ್ಳತಕ್ಕದ್ದು.’

ಅಲ್ಲಿ ಇರಬೇಕಾಗಿದ್ದದ್ದು ‘ತಕ್ಕದ್ದಲ್ಲ’. ಆರು ಸಲ ತಕ್ಕದ್ದು ಎಂದು ಬಡಿದು ಬಂದ ಬೆರಳು ಊಟದ ಹೊತ್ತಿನ ಅವಸರದಲ್ಲಿ ಏಳನೇ ಸಲವೂ ಅದನ್ನೇ ಬಡಿದಿತ್ತು. ನಮ್ಮ ಭಾಷೆಯಲ್ಲಿ ಬೇಡ ಎನ್ನುವುದು ಮಾತಿನ ಕಟ್ಟಕಡೆಗೆ ಬರುತ್ತದೆ. ಬಾಲದ ತುದಿಯ ಒಂದು ‘ಲ್ಲ’ ಬಿದ್ದುಹೋದರೆ ಇಡೀ ಮಾತು ತಿರುಗಿ ನಿಲ್ಲುತ್ತದೆ.

ತಂಗಿಯ ಕೈ ರೂಢಿಯಂತೆ ಅಂಚಿಗೆ ಹೋಯಿತು. ಆ ಒಂದಕ್ಷರ ಸೇರಿಸಲು ಗುರುತು ಹಾಕಬೇಕು. ಪೆನ್ಸಿಲನ್ನು ಅಲ್ಲೇ ಹಿಡಿದು ಕೂತಳು. ಬೇರೆಯವರ ಮಕ್ಕಳ ಔಷಧಿಯ ಚೀಟಿ ತಿದ್ದುವ ಅಧಿಕಾರ ಅವಳಿಗಿತ್ತು. ಇದನ್ನು ತಿದ್ದುವ ಹಾಗಿರಲಿಲ್ಲ.

“ಟೈಪಿಂಗ್ ತಪ್ಪು ಅಷ್ಟೇ ಬಿಡು,” ಎಂದ ಕಹಳೆ. “ನಾಳೆ ಹೋಗಿ ಒಂದು ಮಾತು ಹೇಳಿದ್ರೆ ಸರಿಮಾಡ್ತಾರೆ. ನನ್ನ ಧ್ವನಿ ಕೇಳಿದ್ರೆ ನ್ಯಾಯಾಲಯಾನೇ ಎದ್ದು ನಿಲ್ಲುತ್ತೆ.”

ನ್ಯಾಯಾಲಯ ಎದ್ದು ನಿಲ್ಲಲಿಲ್ಲ. ಕೂತಲ್ಲಿಂದ ಅಲುಗಲೂ ಇಲ್ಲ.

ನಾಲ್ಕನೇ ಕಿಟಕಿಯ ಮೇಲೆ ‘ತಿದ್ದುಪಡಿ’ ಎಂದು ಬರೆದಿತ್ತು. ಒಳಗೆ ಕೂತ ಗುಮಾಸ್ತ ಕಾಗದ ತಿರುಗಿಸಿ ನೋಡಿ, “ತ, ಕ್ಕ, ದ್ದು. ಅಕ್ಷರ ಎಲ್ಲಾ ಸರಿಯಾಗಿದೆಯಲ್ಲಮ್ಮ. ಇಲ್ಲಿ ಅಕ್ಷರ ತಪ್ಪಾದ್ರೆ ಮಾತ್ರ ತಿದ್ದೋದು. ಅರ್ಥ ತಪ್ಪಾಗಿದ್ರೆ ಒಂಬತ್ತನೇ ಕಿಟಕಿ,” ಎಂದ.

ಒಂಬತ್ತನೇ ಕಿಟಕಿಯಲ್ಲಿ ಕೂತವಳು ಬಳೆ ಹಿಂದೆ ಸರಿಸಿಕೊಂಡು ಹೇಳಿದಳು. “ಅರ್ಥ ಬದಲಾಗ್ಬೇಕು ಅಂದ್ರೆ ಎರಡೂ ಕಡೆಯವರ ಸಹಿ ಬೇಕು.”

“ತಪ್ಪಿಂದ ಲಾಭ ಆದವನು ತಿದ್ದೋದಕ್ಕೆ ಸಹಿ ಹಾಕ್ತಾನಾ?” ಎಂದಳು ತಂಗಿ.

“ಅದು ಈ ಕಿಟಕಿಗೆ ಬರೋ ಪ್ರಶ್ನೆ ಅಲ್ಲ.”

“ಯಾವ ಕಿಟಕಿಗೆ ಬರುತ್ತೆ?”

“ಅದನ್ನ ವಿಚಾರಣೆ ಕಿಟಕೀಲಿ ಕೇಳಿ. ಅವರು ಇವತ್ತು ರಜೆ.”

ದರ್ಜಿ ತೋಳು ತಪ್ಪಾಗಿ ಹೊಲಿದರೆ ಬಿಚ್ಚಿ ಹೊಲಿದು ಕೊಡುತ್ತಾನೆ. ಬಡಗಿ ಬಾಗಿಲು ತಪ್ಪಾಗಿ ಕೂರಿಸಿದರೆ ಬಯ್ಯಿಸಿಕೊಂಡಾದರೂ ತಿರುಗಿ ಕೂರಿಸುತ್ತಾನೆ. ಮುದ್ರಣಾಲಯದಲ್ಲಿ ತಪ್ಪು ಹೋದರೆ ತಂಗಿಯ ಸಂಬಳಕ್ಕೇ ಕತ್ತರಿ. ತಪ್ಪಿಗೆ ಮುದ್ರೆ ಒತ್ತಿ, ದಾರ ಕಟ್ಟಿ, ಅರಗು ಹಚ್ಚಿ ಅದನ್ನೇ ಕಾನೂನು ಮಾಡಿ ಕೂರಿಸುವ ಅಂಗಡಿ ಲೋಕದಲ್ಲಿ ಒಂದೇ. ಅಲ್ಲಿ ಕೂತವರಿಗೆಲ್ಲ ಅದು ತಪ್ಪೆಂದು ಗೊತ್ತಿತ್ತು. ಮೂರನೇ ಕಲಮಿನಲ್ಲಿ ತಾಯಿಯ ಬಳಿ ಇರಬೇಕಾದ ಮಗು ಏಳನೆಯದರಲ್ಲಿ ತಂದೆಯ ಬಳಿ ಇರಬೇಕು ಎಂದರೆ ಮಗುವನ್ನೇನು ಸೀಳಿ ಹಂಚುವುದೇ ಎಂದು ಕೇಳಿದ್ದಕ್ಕೆ, ಗುಮಾಸ್ತ ಪ್ರಾಮಾಣಿಕವಾಗಿ ಒಂದು ಕ್ಷಣ ಯೋಚಿಸಿದ.

ಅತ್ತ ಅಭಾವ ಮಗಳನ್ನು ಹೊಸ ಶಾಲೆಗೆ ಸೇರಿಸಿದ. ಮಗು ತನ್ನ ಬಳಿಯೇ ಇದೆ ಎಂದು ಜೀವನಾಂಶ ನಿಲ್ಲಿಸಿದ. ಅವನಿಗೆ ಬೇಕಾಗಿದ್ದದ್ದು ಅದೇ ಎಂದು ಹೇಳಲು ಜ್ಯೋತಿಷಿ ಬೇಕಿರಲಿಲ್ಲ, ಏಕೆಂದರೆ ಮಗು ಶಾಲೆ ಬಿಟ್ಟಾಗಿನಿಂದ ರಾತ್ರಿಯವರೆಗೆ ಪಕ್ಕದ ಮನೆಯವರ ವರಾಂಡದಲ್ಲಿ ಕೂತು ಅವನ ದಾರಿ ನೋಡುತ್ತಿತ್ತು. ಭಾನುವಾರ ಹತ್ತು ನಿಮಿಷ ಫೋನಿನಲ್ಲಿ ಮಾತಾಡಿಸುತ್ತಿದ್ದ, ಅದೂ ತಾನು ಪಕ್ಕದಲ್ಲಿ ಕೂತು, ಸ್ಪೀಕರ್ ಹಾಕಿಕೊಂಡು.

“ಅಮ್ಮ, ಇಲ್ಲಿ ನನ್ನನ್ನ ಹಿಂದಿನ ಬೆಂಚಲ್ಲಿ ಕೂರ್ಸಿದಾರೆ,” ಎಂದಳು ಗುಂಡುಸೂಜಿ ಒಂದು ಭಾನುವಾರ. “ಬೋರ್ಡು ಕಾಣಲ್ಲ.”

“ಟೀಚರ್‌ಗೆ ಹೇಳು ಕಂದ.”

“ಹೇಳ್ದೆ. ಸ್ವಲ್ಪ ದಿನ ಹೋಗ್ಲಿ ಅಂದ್ರು.” ಆಮೇಲೆ ಕೊಂಚ ತಗ್ಗಿದ ಧ್ವನಿಯಲ್ಲಿ, “ಅಮ್ಮ, ನಾನಿನ್ನೂ ಎಷ್ಟು ದಿನ ರಜೆಗಿರ್ಬೇಕು?”

ತಂಗಿ ಉತ್ತರ ಕೊಡುವ ಮುಂಚೆ ಹತ್ತು ನಿಮಿಷ ಮುಗಿಯಿತು. ಕಹಳೆ ಎದುರಿಗೇ ಕೂತಿದ್ದ.

ಹನ್ನೊಂದನೇ ವಾರ ಒಬ್ಬ ವಕೀಲೆ ಸಿಕ್ಕಿದರು. ಎರಡೂ ಕಂಕುಳಲ್ಲಿ ಫೈಲು ಒತ್ತಿಕೊಂಡು, ಓಡುತ್ತಲೇ ಮಾತಾಡುವವರು. ಮೆಟ್ಟಿಲ ಮೇಲೆ ನಿಂತು ಕಾಗದ ಓದಿ ಮುಗಿಸಿ, “ತಪ್ಪು ಅಂತ ಕುರುಡನಿಗೂ ಗೊತ್ತಾಗುತ್ತೆ. ನಮ್ಮ ದಾರೀಲಿ ಅಡ್ಡ ಮಲಗಿರೋದು ಇದೊಂದೇ ಸಾಲು,” ಎಂದು ಕೆಳಗೆ ಬೆರಳಿಟ್ಟರು. “ಓದಿ ಹೇಳಲಾಗಿದೆ, ತಿಳಿದು ಒಪ್ಪಿದ್ದೇವೆ. ಎಲ್ಲರಿಗೂ ಓದಿ ಹೇಳಿದ ಮೇಲೆ ಒಪ್ಪಿದ್ರು ಅಂದ್ರೆ ಅದು ಒಪ್ಪಂದಾನೇ, ತಪ್ಪಲ್ಲ. ಈ ಸಾಕ್ಷಿ ಯಾರು?”

“ನಾನೇ,” ಎಂದ ಕಹಳೆ. ಎದೆ ತಾನಾಗಿಯೇ ಮುಂದೆ ಬಂತು.

“ನಿಜವಾಗ್ಲೂ ಓದಿದ್ರಾ?”

“ಮೂರು ಸಲ.”

“ಹಾಗಾದ್ರೆ ಕೆಟ್ಟಿತು,” ಎಂದರು ವಕೀಲೆ. “ಓದದೇ ಇದ್ದಿದ್ರೆ ಚೆನ್ನಾಗಿತ್ತು. ಓದೇ ಇಲ್ಲ ಅಂತ ಸಾಕ್ಷಿ ಹೇಳಿದ್ರೆ ಏಳನೇ ಕಲಮು ಅಲ್ಲೇ ಬೀಳುತ್ತೆ, ಮೂರನೇದು ನಿಲ್ಲುತ್ತೆ, ಮಗು ಮನೆಗೆ ಬರುತ್ತೆ. ಸಾಕ್ಷಿ ಗತಿ ಬೇರೆ ಬಿಡಿ. ಓದದೆ ಓದಿದೆ ಅಂತ ನ್ಯಾಯಾಲಯಕ್ಕೆ ಬರೆದುಕೊಟ್ಟೋರಿಗೆ ದಂಡ ಆಗಬಹುದು, ಜೈಲೂ ಆಗಬಹುದು. ನೀವು ಸರ್ಕಾರಿ ಕೆಲಸದೋರಾ?”

“ಬಸ್ ನಿಲ್ದಾಣ.”

“ಅದೂ ಹೋಗುತ್ತೆ. ಇರ್ಲಿ, ನೀವು ಓದಿದ್ದೀರಲ್ಲ.” ಅವರು ಮುಂದಿನ ಮೆಟ್ಟಿಲಿಗೆ ಓಡಿದರು.

ಆ ದಿನ ಮನೆಗೆ ನಡೆದು ಬರುವಾಗ ತಂಗಿ ತಿರುವಿನಲ್ಲಿ ನಿಂತು, “ಅಣ್ಣಾ, ಆವತ್ತು ನಾನು ಪಕ್ಕದ ಕೋಣೇಲೇ ಇದ್ದೆ,” ಎಂದಳು. “ನಿನ್ನ ಧ್ವನಿ ಕೇಳಿಸ್ಲಿಲ್ಲ.”

“ಮಗು ಅಳ್ತಿತ್ತಲ್ಲ. ಹೇಗೆ ಕೇಳ್ಸುತ್ತೆ?”

ತಂಗಿ ಅವನ ಮುಖವನ್ನು ಕರಡಿನ ಹಾಗೆ ನೋಡಿದಳು. ಏನೂ ಗುರುತು ಹಾಕದೆ ಮುಂದೆ ನಡೆದಳು.

ಕಹಳೆಗೆ ಒಂದು ಉಪಾಯ ಹೊಳೆಯಿತು. ಅಂಥ ಉಪಾಯ ಭೂಮಿ ಹುಟ್ಟಿದಂದಿನಿಂದ ಯಾವ ತಲೆಗೂ ಹೊಳೆದಿರಲಾರದು. ತಾನು ಓದಿದ್ದು ನಿಜ, ಆದರೆ ಓದಿದ್ದು ‘ತಕ್ಕದ್ದಲ್ಲ’ ಎಂದು. ಅಂದರೆ ಕಾಗದದಲ್ಲಿ ಆಗ ಹಾಗೆಯೇ ಇತ್ತು. ಆಮೇಲೆ ಯಾರೋ ಹಾಳೆಯನ್ನೇ ಬದಲಾಯಿಸಿದ್ದಾರೆ. ಹೀಗೆಂದರೆ ಮೂರು ಓದಿಗೂ ಭಂಗವಿಲ್ಲ, ಕೆಲಸಕ್ಕೂ ಭಂಗವಿಲ್ಲ, ಮಗುವೂ ಬರುತ್ತದೆ. ಗಾಜಿನ ಕೋಣೆಯಲ್ಲಿ ಎರಡು ಬಸ್ಸುಗಳ ನಡುವಿನ ಬಿಡುವಿನಲ್ಲೆಲ್ಲ ಅವನು ಆ ಸಾಕ್ಷ್ಯವನ್ನು ಅಭ್ಯಾಸ ಮಾಡಿದ. ಮೈಕು ಆರಿಸಲು ಮರೆತು ಒಮ್ಮೆ ಇಡೀ ನಿಲ್ದಾಣಕ್ಕೆ “ಉಳಿಸಿಕೊಳ್ಳತಕ್ಕದ್ದಲ್ಲ” ಎಂದು ಕೇಳಿಸಿ, ಎರಡನೇ ಪ್ಲಾಟ್‌ಫಾರ್ಮಿನ ಬಸ್ಸು ಹೊತ್ತಿಗೆ ಮುಂಚೆಯೇ ಹೊರಟುಹೋಯಿತು.

ವಿಚಾರಣೆಯ ದಿನ ನ್ಯಾಯಾಧೀಶರು ಹೊಸಬರು, ಹಳಬರಿಗೆ ವರ್ಗವಾಗಿತ್ತು. ಬಿಳಿ ಹುಬ್ಬು, ಸಣ್ಣ ಧ್ವನಿ. ಅವರು ಮೊದಲು ತಂಗಿಯನ್ನು ವಿಚಾರಿಸಿದರು. ಸಾಕ್ಷಿಯಾದ್ದರಿಂದ ಕಹಳೆ ಅಷ್ಟು ಹೊತ್ತೂ ಹೊರಗೆ ಬೆಂಚಿನ ಮೇಲಿರಬೇಕಾಯಿತು. ಒಳಗೆ ಕರೆದಾಗ ಅಭಾವ ಎರಡನೇ ಸಾಲಿನಲ್ಲಿ ಕೂತು ಮುಗುಳ್ನಗುತ್ತಿದ್ದ. ಮೂಲೆಯ ಯಂತ್ರದ ಮುಂದೆ ಅದೇ ಟೈಪಿಸ್ಟಮ್ಮ.

ಅಭಾವನ ವಕೀಲ ಮುಂದೆ ಬಂದ. “ಈ ಸಹಿ ನಿಮ್ಮದೇ?”

“ನನ್ನದೇ.”

“ಕಾಗದವನ್ನು ಎರಡೂ ಕಡೆಯವರಿಗೆ ಗಟ್ಟಿಯಾಗಿ ಓದಿ ಹೇಳಿದ್ರಾ?”

“ಮೂರು ಸಲ.”

“ಇಷ್ಟು ಸಾಕು ಸ್ವಾಮಿ,” ಎಂದು ವಕೀಲ ಸಂತೋಷವಾಗಿ ಕೂತ.

“ಸಾಕಾಗಲ್ಲ,” ಎಂದ ಕಹಳೆ. “ನಾನು ಓದಿದ್ದು ತಕ್ಕದ್ದಲ್ಲ ಅಂತ. ಕಾಗದದಲ್ಲಿ ಆಗ ತಕ್ಕದ್ದಲ್ಲ ಅಂತಲೇ ಇತ್ತು. ಆಮೇಲೆ ಯಾರೋ ಹಾಳೆ ಬದಲಾಯಿಸಿದಾರೆ.”

ಮೂಲೆಯ ಯಂತ್ರ ನಿಂತಿತು. ಟೈಪಿಸ್ಟಮ್ಮ ತಲೆಯೆತ್ತಿ ನೋಡಿದರು. ಅವರ ಮುಖದ ಬಣ್ಣ ಹೋಗಿತ್ತು. ಹಾಳೆ ಅವರ ಕೈಗೆ ಹೊರತು ಬೇರೆ ಯಾರ ಕೈಗೂ ಹೋಗುವಂಥದ್ದಲ್ಲ ಎಂಬುದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

“ಹಾಳೆ ಬದಲಾಯಿಸಿದರು ಅಂದರೆ ಅದು ದೊಡ್ಡ ಅಪರಾಧ,” ಎಂದರು ನ್ಯಾಯಾಧೀಶರು. “ಆಗಲಿ. ಆವತ್ತು ಹೇಗೆ ಓದಿದಿರೋ ಹಾಗೇ ಒಂದು ಸಲ ಓದಿ. ಅಷ್ಟೇ ಗಟ್ಟಿಯಾಗಿ.”

ಇಂಥ ಆಹ್ವಾನಕ್ಕೆ ಕಹಳೆ ಇಪ್ಪತ್ತೆರಡು ವರ್ಷ ಕಾದಿದ್ದ. ಕಾಲು ಅಗಲಿಸಿ ನಿಂತ, ಉಸಿರು ತುಂಬಿಕೊಂಡ. “ಶಾಲೆಯ ರಜೆ ಮುಗಿದ ನಂತರ ತಂದೆಯು ಮಗುವನ್ನು” ಎಂಬಲ್ಲಿಗೆ ಕಿಟಕಿಯ ಗಾಜು ಗುಂಯ್ ಎಂದಿತು. “ತನ್ನ ಬಳಿ ಉಳಿಸಿಕೊಳ್ಳತಕ್ಕದ್ದಲ್ಲ” ಎನ್ನುವಷ್ಟರಲ್ಲಿ ಗೇಟಿನ ಕಾವಲುಗಾರ ಲಾಠಿ ಹಿಡಿದು, ಏದುಸಿರು ಬಿಡುತ್ತ ಒಳಗೆ ನುಗ್ಗಿದ. ಹೊಡೆದಾಟವೆಂದು ತಿಳಿದಿದ್ದ.

ಇದರಲ್ಲಿ ಒಂದಕ್ಷರವೂ ಉತ್ಪ್ರೇಕ್ಷೆಯಲ್ಲ. ದುರದೃಷ್ಟ ಇದ್ದದ್ದೂ ಅಲ್ಲೇ.

ನ್ಯಾಯಾಧೀಶರು ಕಾವಲುಗಾರನನ್ನು ಹೊರಗೆ ಕಳಿಸಿದರು. ಆಮೇಲೆ ಎದ್ದು ಹೋಗಿ, ಪಕ್ಕದ ಕೋಣೆಯನ್ನು ಬೇರೆ ಮಾಡಿದ್ದ ಗೋಡೆಯ ಮೇಲೆ ಬೆರಳಿನಿಂದ ಎರಡು ಸಲ ತಟ್ಟಿದರು. ಟೊಳ್ಳು ಸದ್ದು ಬಂತು. ಹಲಗೆಯ ಗೋಡೆ.

“ನಿಮ್ಮ ತಂಗಿ ಆವತ್ತು ಇದರಾಚೆ ಕೂತಿದ್ದರು,” ಎಂದರು. “ಈಗ ತಾನೇ ಪ್ರಮಾಣ ಮಾಡಿ ಹೇಳಿದ್ದಾರೆ, ಏನೂ ಕೇಳಿಸಲಿಲ್ಲ ಅಂತ. ಗೇಟಿನವನಿಗೆ ಕೇಳಿಸುವ ಧ್ವನಿ, ಮೂರು ಸಲ, ಎರಡು ಮೊಳ ದೂರದ ತಂಗಿಗೆ ಕೇಳಿಸಲಿಲ್ಲ. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದೀರಿ. ಯಾರು ಅಂತ ನೀವೇ ಹೇಳಿ.”

ಕಹಳೆ ತಂಗಿಯ ಕಡೆ ನೋಡಿದ. ಅವಳು ಅವನನ್ನು ನೋಡುತ್ತಿರಲಿಲ್ಲ, ಟೈಪಿಸ್ಟಮ್ಮನನ್ನು ನೋಡುತ್ತಿದ್ದಳು.

“ಅವಳು ಸುಳ್ಳು ಹೇಳೋಳಲ್ಲ ಸ್ವಾಮಿ,” ಎಂದ.

“ಹಾಗಾದರೆ?”

“ನಾನು ಓದ್ಲಿಲ್ಲ.”

“ಮೂರು ಸಲವೂ?”

“ಒಂದು ಸಲಾನೂ. ಕಾಗದ ಕೈಗೆ ಬಂತು, ಕೆಳಗಡೆ ಜಾಗ ನೋಡಿ ಸಹಿ ಹಾಕಿದೆ.”

ಹಿಂದೆ ಪಾರಿವಾಳ ಹಾರಿದ್ದು, ಕಳ್ಳರು ತಪ್ಪೊಪ್ಪಿಕೊಂಡದ್ದು ಎಂದೆಲ್ಲ ಇಲ್ಲಿ ಹೇಳಿದ್ದಾಗಿದೆ. ಸುಳ್ಳು. ಪಾರಿವಾಳಗಳು ಆವತ್ತು ಕೂತಲ್ಲೇ ಕೂತಿದ್ದವು.

ಅಭಾವನ ವಕೀಲ ಎದ್ದು ನಿಲ್ಲಲು ಹೋದ. ನ್ಯಾಯಾಧೀಶರು ಕೈಸನ್ನೆಯಲ್ಲಿ ಕೂರಿಸಿದರು. “ಈ ಮಾತು ದಾಖಲಾದರೆ ಏಳನೇ ಕಲಮು ಉಳಿಯುವುದಿಲ್ಲ, ಮಗು ತಾಯಿ ಹತ್ತಿರ ಹೋಗುತ್ತದೆ. ನಿಮ್ಮ ಮೇಲೆ ಬೇರೆ ಪ್ರಕರಣ ನಡೆಯುತ್ತದೆ. ಗೊತ್ತಿದ್ದು ಹೇಳುತ್ತಿದ್ದೀರಾ?”

“ಗೊತ್ತು. ವಕೀಲಮ್ಮ ಹೇಳಿದ್ರು.”

“ಹಾಳೆ ಬದಲಾಯಿಸಿದ್ದು?”

“ಯಾರೂ ಇಲ್ಲ. ಟೈಪ್ ಮಾಡೋ ಅಮ್ಮನ ಕೈ ಜಾರಿದ್ದು, ಅಷ್ಟೇ. ಅದನ್ನ ಹಿಡೀಲಿ ಅಂತಲೇ ನನ್ನ ಅಲ್ಲಿ ನಿಲ್ಲಿಸಿದ್ದು.”

“ಓದುವುದೇ ನಿಮ್ಮ ಕೆಲಸವಂತೆ. ಯಾಕೆ ಓದಲಿಲ್ಲ?”

ಎರಡನೇ ಸಾಲಿನ ಅಭಾವನ ಕಡೆ ಕೈ ತೋರಿಸಿದ ಕಹಳೆಯ ಧ್ವನಿ ಎಷ್ಟು ತಗ್ಗಿತೆಂದರೆ ಟೈಪಿಸ್ಟಮ್ಮ ಕುರ್ಚಿಯಿಂದ ಮುಂದೆ ಬಾಗಬೇಕಾಯಿತು.

“ನಾನು ಇವನಿಗೆ ಏನೋ ಕಥೆ ಹೇಳ್ತಿದ್ದೆ ಸ್ವಾಮಿ. ಇವನು ಕೈಯಲ್ಲಿ ಕಾಗದ ಹಿಡ್ಕೊಂಡು ನಗ್ತಿದ್ದ. ಬಿದ್ದು ಬಿದ್ದು ನಗ್ತಿದ್ದ. ಯಾರಾದ್ರೂ ಹಾಗೆ ನಕ್ರೆ ನಂಗೆ ಕಥೆ ನಿಲ್ಸೋಕಾಗಲ್ಲ. ನನ್ನ ಕಥೆಗೆ ನಗ್ತಿದಾನೆ ಅಂದ್ಕೊಂಡೆ.”

ಟೈಪಿಸ್ಟಮ್ಮ ಅದನ್ನು ಇದ್ದಹಾಗೆಯೇ ಬಡಿದರು.

“ಅವನು ಏಳನೇ ಕಲಮು ಓದಿ ನಗ್ತಿದ್ದ,” ಎಂದ ಕಹಳೆ. “ಆ ಕೋಣೇಲಿ ಓದಿದ್ದು ಅವನೊಬ್ಬನೇ.”